ಬಸ್ಸಿನಲ್ಲಿ ಕಲಿತ ಅಂಕಿಗಳು

“ಆರಂತ! ನಾ ಬರದದ್ದು ಆರಂತ!”

ಇಂದಿರಾಬಾಯಿ ಅಕ್ಕೋರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಹೋಂವರ್ಕ್ ಮಾಡದೆ ಬಂದ ಹುಡುಗನನ್ನು ನೋಡುವಂತೆ ಲ್ಯಾಪ್‌ಟಾಪನ್ನು ನೋಡಿದರು. ಕಾಗದದ ಮೇಲೆ ಅವರು ಬರೆದ ಕನ್ನಡದ ಏಳು ಅಚ್ಚು ಹಾಕಿದಷ್ಟು ಚೊಕ್ಕವಾಗಿತ್ತು.

ನೀಲಾ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. ಗಜೇಂದ್ರಗಡದ ಡಿಪ್ಲೊಮಾ ಕಾಲೇಜಿನಲ್ಲಿ ನಾಡಿದ್ದೇ ಅವಳ ಪ್ರಾಜೆಕ್ಟಿನ ಪರೀಕ್ಷೆ. ಅವಳು ಕಟ್ಟಿದ್ದು ಕೈಬರಹದ ಅಂಕಿ ಗುರುತಿಸುವ ನ್ಯೂರಲ್ ನೆಟ್‌ವರ್ಕ್. ಪರೀಕ್ಷಕರು ಬರೆದು ತೋರಿಸಿದಾಗ ಅದು ಹೀಗೇ ಬಡಬಡಿಸಿದರೆ ಅವಳು ನಪಾಸು, ಒಂದು ವರ್ಷ ಮಣ್ಣುಪಾಲು. ಅದಕ್ಕೂ ಮೊದಲು ಒಮ್ಮೆ ಪರೀಕ್ಷಿಸಿ ನೋಡಿಬಿಡೋಣವೆಂದು, ಸೂಡಿಯ ಶಾಲೆಯಲ್ಲಿ ತನಗೆ ಅಂಕಿ ತಿದ್ದಿಸಿದ ಅಕ್ಕೋರ ಮನೆಗೇ ಬಂದಿದ್ದಳು. ಬಂದದ್ದು ಪುಣ್ಯ.

“ಇದಕ್ಕ ಕಲಿಸಿದವರು ಯಾರು?”

“ನಾನ ರೀ. ಮಂದಿ ಬರದ ಅಂಕಿ ತೋರಸ್ತೀನ್ರಿ, ಅದು ಇಂಥಾದ್ದು ಅಂತ ಹೇಳ್ತೈತಿ. ತಪ್ಪಿದ್ರ ತಿದ್ದೋದು. ಸಾವಿರಗಟ್ಲೆ ಸಲ ಹಿಂಗ ಮಾಡಿದ್ರ ಕಲೀತೈತ್ರಿ.”

“ಎಲ್ಲಿ, ಆ ಮಂದಿ ಬರದದ್ದು ತೋರಸು.”

ನೀಲಾ ಅಳುಕುತ್ತಲೇ ನೋಟ್‌ಬುಕ್ ಕೊಟ್ಟಳು. ಅದರಲ್ಲಿ ಏಳುಗಳು ಕುಂಟುತ್ತಿದ್ದವು, ಎಂಟುಗಳು ಗೆರೆ ಬಿಟ್ಟು ಜಿಗಿದಿದ್ದವು. ಐದರ ಬಾಲವಂತೂ ಪಕ್ಕದ ಪುಟಕ್ಕೇ ಹೋಗಿತ್ತು.

“ಎಲ್ಲಿ ಕೂತು ಬರದಾರ ಇವರೆಲ್ಲಾ?”

“ಬಸ್ಸಿನ್ಯಾಗ್ರೀ.”

ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಮಂದಿ ಸುಮ್ಮನೆ ಕೂತಿರುತ್ತಾರಲ್ಲ ಎಂದು ನಾಲ್ಕು ತಿಂಗಳು ನೋಟ್‌ಬುಕ್ಕನ್ನು ಸೀಟಿನಿಂದ ಸೀಟಿಗೆ ದಾಟಿಸಿದ್ದಳು. ಕಂಡಕ್ಟರ್ ದಾದಾಪೀರ ಕೂಡ ನಿಂತೇ ಒಂದು ಪುಟ ತುಂಬಿಸಿದ್ದ. ದಾರಿಯ ಒಂದೊಂದು ತಗ್ಗೂ ಅಂಕಿಗಳಿಗೆ ತನ್ನ ಪಾಲು ಸೇರಿಸಿತ್ತು. ಬರೀ ಕುಲುಕಾಟವನ್ನೇ ಕಲಿತ ಯಂತ್ರಕ್ಕೆ ನೆಟ್ಟಗಿನ ಏಳು ಎಲ್ಲಿಂದ ತಿಳಿಯಬೇಕು?

ಅಕ್ಕೋರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. “ಪಾಪ, ಅದರದೇನು ತಪ್ಪವ್ವಾ! ಮೇಜಿನ ಮ್ಯಾಲ ಬರದದ್ದು ಎಷ್ಟು ಬೇಕೀಗ?”

ಲೆಕ್ಕ ನೀಲಾಗೆ ಗೊತ್ತಿತ್ತು, ಇವರಿಗೆ ಹೇಳುವುದು ಹೇಗೆ? ಶಾಲೆಯ ಮೂರನೆಯ ಇಯತ್ತೆಯಲ್ಲಿ ಸೊಟ್ಟ ಏಳಿಗಾಗಿ ಅವಳಿಂದ ನೂರು ಸಲ ಬರೆಸಿದವರು ಇವರೇ. ತೊಂಬತ್ತೆಂಟು ಅಂಕ ತಂದಾಗಲೂ, ಉಳಿದ ಎರಡು ಎಲ್ಲಿ ಹೋದವು ಎಂದು ಕೇಳಿದವರೂ ಇವರೇ.

“ಒಂದೊಂದು ಅಂಕಿ… ನೂರು ಸಲ ಬರೀಬೇಕಾಗ್ತೈತ್ರಿ, ಅಕ್ಕೋರ.”

ಅಕ್ಕೋರು ಅವಳನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.

ಮರುದಿನ ಸಂಜೆಯ ಹೊತ್ತಿಗೆ ಹತ್ತೂ ಅಂಕಿ ಸೇರಿ ಸಾವಿರವೂ ಮುಗಿದವು. ನೀಲಾ ಅವನ್ನೆಲ್ಲ ಯಂತ್ರಕ್ಕೆ ಕಲಿಸಿ, ಅಕ್ಕೋರಿಂದ ಹೊಸದಾಗಿ ಒಂದು ಏಳು ಬರೆಸಿ ತೋರಿಸಿದಳು. ಪರದೆಯ ಮೇಲೆ ಏಳು ಮೂಡಿತು. ಖುಷಿಗೆ ಅವಳು ಕೂತಲ್ಲೇ ಚಪ್ಪಾಳೆ ತಟ್ಟಿಬಿಟ್ಟಳು.

“ಏಳು ಅಂತೈತ್ರಿ, ಅಕ್ಕೋರ! ನೂರಕ್ಕ ತೊಂಬತ್ತೆಂಟು ಖಾತ್ರಿ ಅಂತ!”

ಅಕ್ಕೋರು ಪರದೆಯ ಹತ್ತಿರ ಬಗ್ಗಿದರು.

“ಉಳಿದ ಎರಡು ಎಲ್ಲಿ ಹೋದ್ವು?”

ಉತ್ತರಕ್ಕೆ ಕಾಯಲಿಲ್ಲ. ನೋವಾದ ಬೆರಳುಗಳನ್ನು ಒಮ್ಮೆ ಕೊಡವಿ, ಹೊಸ ಹಾಳೆಯನ್ನು ಎಳೆದುಕೊಂಡು, ಗೆರೆ ಹಿಡಿದು ಮತ್ತೆ ಏಳು ಬರೆಯತೊಡಗಿದರು.