ಜಾಂಜಿಬಾರ್ ಮದುವೆಗೆ ಗಾಲಿಕುರ್ಚಿ ಹೊರಟಿತು

ನಮ್ಮ ಕರಾವಳಿಯ ಜನಕ್ಕೆ ಒಂದು ಕಾಯಿಲೆಯಿದೆ. ನೆಂಟರನ್ನು ಕರೆಯುವಾಗ 'ಆಗಲ್ಲ' ಎಂಬ ಮಾತು ಅವರ ಬಾಯಿಂದ ಹೊರಡುವುದೇ ಇಲ್ಲ. "ನಿಮ್ಮನೆಗೆ ಗಾಲಿಕುರ್ಚಿ ಬರುತ್ತಾ?" ಎಂದು ಕೇಳಿ ನೋಡಿ. "ಅಯ್ಯೋ, ಅದೊಂದು ದೊಡ್ಡ ಮಾತಾ? ಬಾ ಬಾ!" ಎನ್ನುತ್ತಾರೆ. ಹೋಗಿ ನೋಡಿದರೆ ಬಾಗಿಲಲ್ಲೇ ಮೊಣಕಾಲೆತ್ತರದ ಮೆಟ್ಟಿಲು.

ನಾನು ಮೊಂಬಾಸಾದ ಮ್ವಾನಕೊಂಬೊ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಕಾಲು ಹೋಯಿತು, ಬಾಯಿ ಮಾತ್ರ ಗಟ್ಟಿಯಾಗಿದೆ. ಹಿಂದೊಮ್ಮೆ ಲಾಮು ದ್ವೀಪದ ಮದುವೆಗೆ ಆ 'ಬಾ ಬಾ' ನಂಬಿಕೊಂಡು ಹೋದೆ. ಇಬ್ಬರು ಹುಡುಗರು ನನ್ನನ್ನು ಅಕ್ಕಿಮೂಟೆಯಂತೆ ಎತ್ತಿ ಮಹಡಿಯ ಮೇಲೆ ಕೂರಿಸಿದರು. ಉಟ್ಟ ಬಟ್ಟೆ ಜಾರಿತು, ಮಾನ ಹೋಯಿತು. ಪಾಯಿಖಾನೆ ಕೆಳಗಡೆ ಇತ್ತು. ಮತ್ತೆ ಎತ್ತಿಸಿಕೊಳ್ಳಬಾರದೆಂದು ಸಂಜೆಯವರೆಗೂ ಒಂದು ಹನಿ ನೀರು ಕುಡಿಯಲಿಲ್ಲ.

ಹೀಗಿರುವಾಗ ಜಾಂಜಿಬಾರ್‌ನಿಂದ ಫೋನು ಬಂತು. ನನ್ನ ಅಕ್ಕ ಟಿಮೆ ಮದುವೆಯಾಗಿ ಹೋಗಿದ್ದು ಅಲ್ಲಿಯ ಹಳೆಯ ಕಲ್ಲಿನ ಪೇಟೆಗೆ. ಈಗ ಅವಳ ಮಗಳು ರುಜೂನಾಳ ಮದುವೆ.

"ಚಿಕ್ಕಮ್ಮಾ, ನೀನೇ ನನ್ನ ಸೋಮೊ ಆಗ್ಬೇಕು. ಬೇರೆ ಯಾರೂ ಬೇಡ!" ಎಂದಳು ಹುಡುಗಿ.

ಸೋಮೊ ಆಗುವುದೆಂದರೆ ಸುಮ್ಮನೆಯೇ? ಮದುಮಗಳ ಕೋಣೆಯಲ್ಲಿ ಕೂತು ಅವಳ ಮೈಗೆ ಚಂದನ ಉಜ್ಜಬೇಕು, ಮಲ್ಲಿಗೆ ಮುಡಿಸಬೇಕು, ಸಂಸಾರದ ಗುಟ್ಟನ್ನು ಕಿವಿಯಲ್ಲಿ ಹೇಳಿಕೊಡಬೇಕು. ಕಾಲಿಲ್ಲದವಳೆಂದು ಈವರೆಗೆ ಯಾರೂ ನನ್ನನ್ನು ಇದಕ್ಕೆ ಕರೆದಿರಲಿಲ್ಲ. ಕುರ್ಚಿಯಲ್ಲೇ ಕುಣಿಯುವಷ್ಟು ಖುಷಿಯಾಯಿತು ನನಗೆ!

ಅಣ್ಣ ಶೆಬ್ವಾನಾ ತಣ್ಣೀರೆರಚಿದ.

"ಹುಚ್ಚು ಹಿಡೀತಾ ನಿಂಗೆ? ಬೇರೆ ದೇಶ, ವಿಮಾನ, ಆ ಇಕ್ಕಟ್ಟು ಓಣಿಗಳು! ಲಾಮುನಲ್ಲಿ ಆಗಿದ್ದು ಸಾಲ್ದಾ? ಫೋನಲ್ಲೇ ಹರಸಿಬಿಡು."

"ಫೋನಲ್ಲಿ ಚಂದನ ಉಜ್ಜೋಕಾಗುತ್ತೇನೋ ಅಣ್ಣ?"

"ಹಂಗಾದ್ರೆ ಗಟ್ಟಿಮುಟ್ಟಾದ ಹುಡುಗ್ರನ್ನ ಕರ್ಕೊಂಡು ಹೋಗೋಣ. ಎತ್ಕೊಂಡು ಓಡಾಡ್ತಾರೆ."

"ಸೋಮೊನ ಮೂಟೆ ಥರ ಹೊತ್ಕೊಂಡು ಬಂದ್ರೆ ಅವಳ ಮಾತಿಗೆ ಯಾರು ಬೆಲೆ ಕೊಡ್ತಾರೆ? ಎತ್ತಿಸ್ಕೊಂಡು ಹೋಗೋದಾದ್ರೆ ನಾನು ಹೋಗೋದೇ ಇಲ್ಲ!"

ನಮ್ಮ ಕೂಗಾಟ ಕೇಳಿ ಪಕ್ಕದ ಮನೆಯ ಕಾಡ್ಜೊ ಬಂದಳು. ಅವಳೂ ಗಾಲಿಕುರ್ಚಿಯವಳೇ. ಬಾಸ್ಕೆಟ್‌ಬಾಲ್ ಆಡುತ್ತ ಕಂಪಾಲಾ, ಕಿಗಾಲಿ ಎಲ್ಲ ಸುತ್ತಿ ಬಂದವಳು.

"'ಬರಬಹುದಾ' ಅಂತ ಕೇಳಿದ್ರೆ ಎಲ್ರೂ 'ಬಾ' ಅಂತಾರೆ ಕಣೆ," ಎಂದಳು ಕಾಡ್ಜೊ. "ಹಂಗೆ ಕೇಳ್ಬಾರ್ದು. ಮೆಟ್ಟಿಲೆಷ್ಟು? ಬಾಗಿಲು ಎಷ್ಟಗಲ? ಪಾಯಿಖಾನೆ ಎಲ್ಲಿದೆ, ಒಳಗೆ ಕುರ್ಚಿ ತಿರುಗುತ್ತಾ? ಇಂಥದ್ದು ಕೇಳು."

"ಮದುವೆ ಮನೇಲಿ ಟೇಪು ಹಿಡ್ಕೊಂಡು ಅಳೀತಾ ಕೂರ್ತಾಳಾ ಟಿಮೆ?" ಎಂದು ಅಣ್ಣ ಗೊಣಗಿದ.

"ಟೇಪು ಯಾಕಣ್ಣ? ಪೊರಕೆ ಕೋಲು ಸಾಕು."

ಕಾಡ್ಜೊ ನನ್ನ ಕುರ್ಚಿ ಅಳೆದಳು. ಅಳೆದದ್ದು ಸೀಟನ್ನಲ್ಲ. ಗಾಲಿಗಳನ್ನು ಕೈಯಿಂದ ತಳ್ಳಲು ಹಾಕಿರುವ ಬಳೆಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಬೆರಳಿಗೂ ಜಾಗ ಸೇರಿಸಿದಳು. "ಸೀಟು ಅಳೆದವ್ರು ಬಾಗಿಲಲ್ಲಿ ಬೆರಳು ತರಚಿಸ್ಕೋತಾರೆ," ಎಂದು ನಕ್ಕಳು. ಅಷ್ಟುದ್ದದ ಕೋಲನ್ನು ಅಡ್ಡ ಹಿಡಿದು, ನಾನು ಹೋಗಬೇಕಾದ ಕಡೆಯಲ್ಲೆಲ್ಲ ನಡೆಯಲು ಅಕ್ಕನಿಗೆ ಫೋನಿನಲ್ಲಿ ಹೇಳಿದಳು.

ಮರುದಿನ ಅಕ್ಕ ವಿಡಿಯೊ ಕರೆ ಮಾಡಿ, ನಾವು ಮೂವರೂ ಇಲ್ಲಿಂದ ನೋಡುತ್ತಿದ್ದಂತೆ ಕೋಲು ಹಿಡಿದು ಹೊರಟಳು. ಓಣಿಯ ಕಲ್ಲುಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಗಂಡಸರಿಗೆ ತಮಾಷೆಯೋ ತಮಾಷೆ.

"ಯಾರಿಗೆ ಬಾರಿಸೋಕೆ ಹೊರಟ್ರಿ ಟಿಮೆಯಮ್ಮ?"

"ನಿಮಗೇ! ಕಾಲು ಒಳಗೆಳ್ಕೊಳ್ಳಿ, ನನ್ನ ತಂಗಿ ಬರ್ತಿದಾಳೆ!"

ಮಾಂಸದಂಗಡಿಯ ಪಕ್ಕದ ಸಂದಿಯಲ್ಲಿ ಕೋಲು ಸಿಕ್ಕಿಕೊಂಡಿತು. ಆ ದಾರಿ ಬಿಟ್ಟೆವು. ಸಮುದ್ರದ ಕಡೆಯ ಓಣಿಯಲ್ಲಿ ಸಲೀಸಾಗಿ ಬಂತು. ಮನೆಯ ಕೆತ್ತನೆ ಬಾಗಿಲಿಗೆ ಎರಡು ಕದ. ಒಂದೇ ತೆಗೆದರೆ ಕೋಲು ತೂರಲಿಲ್ಲ, ಎರಡೂ ತೆಗೆದರೆ ತೂರಿತು. ಎತ್ತರದ ಹೊಸ್ತಿಲಿನ ಎರಡೂ ಕಡೆ ದೋಣಿ ಮಾಡುವ ಬಡಗಿಯಿಂದ ಇಳಿಜಾರಾಗಿ ಹಲಗೆ ಹಾಕಿಸುವುದೆಂದಾಯಿತು. "ಹಲಗೆ ಉದ್ದಕ್ಕಿರ್ಲಿ. ಗಿಡ್ಡಕ್ಕಿದ್ರೆ ಕುರ್ಚಿ ಹಿಂದಕ್ಕೆ ಮಗುಚುತ್ತೆ," ಎಂದು ಕಾಡ್ಜೊ ಎಚ್ಚರಿಸಿದಳು. ಕೆಳಗಿನ ಪಾಯಿಖಾನೆಯೂ ಸರಿಹೋಯಿತು. ನಾನು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು!

ಆಮೇಲೆ ಅಕ್ಕ ಮಹಡಿ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟಳು.

"ನಿಜ ಹೇಳ್ಲಾ ಮ್ವಾನಕೊಂಬೊ? ಮದುಮಗಳ ಕೋಣೆ ಇರೋದು ಮೇಲೆ. ಮೆಟ್ಟಿಲು ಏಣಿ ಥರ ಕಡಿದಾಗಿದೆ. ನಿಂಗೆ ಆಗಲ್ಲ ಕಣೆ." ಅವಳ ಕಣ್ಣಲ್ಲಿ ನೀರು.

ಸೋಮೊ ಆಗುವುದು ತಪ್ಪಿತೆಂದುಕೊಂಡೆ. ಆದರೂ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಸಮಾಧಾನವೂ ಆಯಿತು. ಮೊದಲ ಸಲ ಒಬ್ಬರು ನನಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಕೇಳದೇ ಹೋಗಿದ್ದರೆ ಇದು ನನಗೆ ಗೊತ್ತಾಗುತ್ತಿದ್ದದ್ದು ಮದುವೆಯ ದಿನ, ಜನರ ನಡುವೆ.

"ನಾನು ಹೇಳ್ಲಿಲ್ವಾ?" ಎಂದ ಅಣ್ಣ.

ಅಷ್ಟರಲ್ಲಿ ರುಜೂನಾ ಫೋನು ಕಿತ್ತುಕೊಂಡಳು. "ಅದಕ್ಯಾಕೆ ಅಳ್ತೀಯಮ್ಮ? ಕೆಳಗಿನ ಉಗ್ರಾಣ ಖಾಲಿ ಮಾಡ್ಸು. ನಾನೇ ಇಳಿದು ಬರ್ತೀನಿ!"

"ಮದುಮಗಳನ್ನ ಯಾರಾದ್ರೂ ಉಗ್ರಾಣದಲ್ಲಿ ಕೂರಿಸ್ತಾರೇನೆ?" ಅಣ್ಣ ರೇಗಿದ.

"ಮಾವಾ, ನನ್ನ ಎರಡು ಕಾಲೂ ನೆಟ್ಟಗಿವೆ. ಇಳಿಯೋಕೆ ನಂಗೇನು ಕಷ್ಟ?"

ಅಣ್ಣ ಸ್ಟೂಲು ಎಳೆದುಕೊಂಡು ಕಾಡ್ಜೊಳ ಪಕ್ಕ ಕೂತ. "ವಿಮಾನದವ್ರನ್ನ ಏನೇನು ಕೇಳ್ಬೇಕು, ಹೇಳು ಕಾಡ್ಜೊ," ಎಂದ. ನಾನು ಕಿರುಚಿದ ಸದ್ದಿಗೆ ಬೀದಿಯ ಬೆಕ್ಕುಗಳೆಲ್ಲ ಓಡಿಹೋದವು.

ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿಯ ವಿಷಯ ಹೇಳಬೇಕು. ವಿಮಾನ ಹತ್ತುವುದು ಹೇಗೆ, ಒಳಗೆ ಸೀಟಿನವರೆಗೆ ಹೋಗಲು ಸಣ್ಣ ಕುರ್ಚಿ ಕೊಡುತ್ತಾರಾ, ಇಳಿದಾಗ ನಮ್ಮ ಕುರ್ಚಿಯನ್ನು ವಿಮಾನದ ಹತ್ತಿರವೇ ತರುತ್ತಾರಾ ಎಂದು ಕೇಳಬೇಕು. ಕಾಡ್ಜೊ ಹೇಳಿಕೊಟ್ಟ ಇಷ್ಟನ್ನೂ ಬಾಯಿಪಾಠ ಮಾಡಿಕೊಂಡು ಅಣ್ಣ ಹೋದ. ಟಿಕೆಟ್ ಕೊಡುವ ಹುಡುಗಿ ನಗುತ್ತ, "ಏನೂ ತೊಂದ್ರೆ ಇಲ್ಲ ಸರ್," ಎಂದಳಂತೆ.

"ಅದನ್ನ ಕೇಳ್ಲಿಲ್ಲ ತಾಯಿ, ಹತ್ತಿಸೋದು ಹೇಗೆ ಅಂತ ಕೇಳ್ದೆ!" ಎಂದನಂತೆ ನಮ್ಮಣ್ಣ. ಆಗ ಅವಳು ಒಳಗೆ ವಿಚಾರಿಸಿದಳು. ಕುರ್ಚಿ ಸಮೇತ ಮೇಲೆತ್ತುವ ಗಾಡಿಯೊಂದಿದೆ, ಆದರೆ ಅದಕ್ಕೆ ಮುಂಚೆಯೇ ಹೇಳಿಡಬೇಕು ಎಂದು ಗೊತ್ತಾಯಿತು. ಅಣ್ಣ ಅಲ್ಲೇ ಹೇಳಿಟ್ಟು ಬಂದ.

ಹೊರಟೇಬಿಟ್ಟೆವು! ಮೇಲಿನಿಂದ ಸಮುದ್ರ ನೋಡಿದೆ. ಸಂಜೆ ಕಡಲ ದಂಡೆಯ ತೋಟದಲ್ಲಿ ಅಲ್ಲಿಯ ಹಳೆಯ ಕೋಟೆಯ ಎದುರು ಕೂತು, ಕೆಂಡದಲ್ಲಿ ಸುಟ್ಟ ಆಕ್ಟೋಪಸ್‌ಗೆ ನಿಂಬೆ ಹಿಂಡಿಕೊಂಡು ತಿಂದೆ. ಮದುವೆಯ ಮನೆಯ ಹಲಗೆ ಹತ್ತಿ, ಎರಡೂ ಕದ ತೆರೆದ ಬಾಗಿಲಲ್ಲಿ ನನ್ನ ಕೈಯಿಂದಲೇ ಗಾಲಿ ತಳ್ಳಿಕೊಂಡು ಒಳಗೆ ಹೋದೆ. ಯಾರೂ ನನ್ನನ್ನು ಎತ್ತಲಿಲ್ಲ. ಖಾಲಿ ಮಾಡಿಸಿದ ಉಗ್ರಾಣದಲ್ಲಿ ರುಜೂನಾಳ ಬೆನ್ನಿಗೆ ಚಂದನ ಉಜ್ಜಿದೆ. ಕಿವಿಯಲ್ಲಿ ಏನು ಹೇಳಿದೆ ಎಂಬುದನ್ನು ಮಾತ್ರ ನಿಮಗೆ ಹೇಳುವುದಿಲ್ಲ.

ಆಗ ಎದುರು ಮನೆಯ ಅರಫಾ ಅಜ್ಜಿ ಊರುಗೋಲು ಊರಿಕೊಂಡು ಹಲಗೆಯ ಮೇಲೆ ನಿಧಾನವಾಗಿ ನಡೆದು ಬಂದರು. ಒಳಗೆಲ್ಲ ಕಣ್ಣಾಡಿಸಿದರು.

"ಮಂಡಿ ಕೆಟ್ಟಮೇಲೆ ಈ ಹೊಸ್ತಿಲು ದಾಟೋಕೇ ಆಗಿರ್ಲಿಲ್ಲ. ನಿಮ್ಮನೆ ಮದುವೆ ಹಾಡನ್ನೆಲ್ಲ ಓಣೀಲಿ ಕೂತೇ ಕೇಳಿದೀನಿ," ಎಂದರು.

ಅಕ್ಕ ದಂಗಾದಳು. "ಒಂದಿನಾನೂ ಹೇಳ್ಲಿಲ್ವಲ್ಲ ಅಜ್ಜಿ!"

"ನೀನು ಒಂದಿನಾನೂ ಕೇಳ್ಲಿಲ್ವಲ್ಲ ಮಗಳೇ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗಾಲಿಕುರ್ಚಿಯಲ್ಲಿ ಓಡಾಡುವವರು ನೀವಾದರೆ, ಊರು ಎಷ್ಟೇ ಹಳೆಯದಿರಲಿ, ದೇಶ ಯಾವುದೇ ಇರಲಿ, ಆಸೆ ಬಿಡಬೇಡಿ. ಕುರ್ಚಿ ಅಳೆಯಿರಿ, ಮೆಟ್ಟಿಲು ಕೇಳಿ, ಫೋಟೊ ತರಿಸಿ, ಮುಂಚೆಯೇ ಹೇಳಿಡಿ, ಹೊರಡಿ. ಕರೆಯುವವರು ನೀವಾದರೆ, ಬರೀ 'ಬಾ ಬಾ' ಅನ್ನಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮತ್ತೆ ಇವತ್ತೇ ಒಮ್ಮೆ ನಿಮ್ಮ ಬಾಗಿಲಾಚೆ ನೋಡಿ. ಒಳಗೆ ಬರಲಾಗದೆ ಅಲ್ಲಿ ಯಾರು ಕೂತಿದ್ದಾರೆಂದು ಹೋಗಿ ಕೇಳಿ.