ಬೆಳವಣಕಿ ಕ್ರಾಸಿನ ಮಾತು

ತೀರಿಕೊಂಡ ಅಪ್ಪನ ಕಡೆಯ ಸ್ನಾನದಲ್ಲಿ ಇರ್ಫಾನ ಮೂರನೆಯ ತಂಬಿಗೆ ನೀರನ್ನು ಬಲಗಾಲಿನ ಮೇಲೆ ಸುರಿದ. ಮೂವತ್ತು ವರ್ಷ ಲಾರಿ ಓಡಿಸಿದ ಕಾಲು. ಕಡೆಯ ಆರೇಳು ವರ್ಷ ಮಾತ್ರ ಅಪ್ಪ ರಮಜಾನಸಾಬ ಲಾರಿ ಬಿಟ್ಟು ನರಗುಂದದ ಪೇಟೆಯಲ್ಲಿ ಕಡಲೆ ಚೀಲ ಹೊತ್ತಿದ್ದ.

ಕಫನ್ ಬಟ್ಟೆ ಹೊದಿಸಿ ಜನಾಜಾದ ಮಂಚವನ್ನು ಅಂಗಳಕ್ಕೆ ತಂದಿಡುವ ಹೊತ್ತಿಗೆ ಬಾಗಿಲಲ್ಲಿ ಗುಸುಗುಸು ಎದ್ದಿತು. ಬೆಳವಣಕಿಯ ಕಳಕವ್ವ ಬಂದಿದ್ದಳು, ಕಾದ ನೆಲದ ಮೇಲೆ ಬರಿಗಾಲಲ್ಲಿ. ರಮಜಾನಸಾಬನ ಲಾರಿಗೆ ಸಿಕ್ಕು ಸತ್ತ ಬಸ್ಯಾನ ತಾಯಿ.

"ಹಡದ ಹೊಟ್ಟಿ ನೋಡ್ರಿ, ಬೈಯಾಕ ಬಂದಿರಬೇಕು," ಎಂದರು ಯಾರೋ.

"ಬೈಯಾಕ ಬಂದಿಲ್ಲೋ ಯಪ್ಪಾ," ಎಂದಳು ಕಳಕವ್ವ. "ಕೋರ್ಟಿನ್ಯಾಗ ಪರಿಹಾರದ ಕಂತು ಕಟ್ಟಿದಾಗೊಮ್ಮೆ ನಮ್ಮ ಕಟ್ಟೀಮ್ಯಾಲೆ ಕುಂತು ಹೋಗತಿದ್ದ. ಒಂದು ಪೈಸೆ ಉಳಿಸಿಲ್ಲ ಅಂವ. ನಾ ಕೇಳಿದ್ದು ಒಂದ ಮಾತು. ನನ್ನ ಮಗ ಕಡೀಕ ಏನರ ಅಂದನೇನ್ರಿ, ಅಂತ. ಒಂದ ಸಲಾನೂ ಬಾಯಿ ಬಿಡಲಿಲ್ಲ."

ಬಾಗಿಲ ಮರೆಯಲ್ಲಿದ್ದ ಹಸನಬಿ ಮಗ ಇರ್ಫಾನನ ತೋಳು ಗಟ್ಟಿಯಾಗಿ ಹಿಡಿದಳು. "ಸುಮ್ನಿರು. ನೀ ಉಳೀಲಿ ಅಂತ ಜೈಲಿಗೆ ಹೋದ್ರು ಅವರು. ಅದನ್ನ ನೀರಾಗ ಹಾಕಬ್ಯಾಡ."

* * *

ಬಸ್ಯಾ ಸತ್ತ ದಿನ ಅಪ್ಪನಿಗೆ ಮೈ ಸುಡುವ ಜ್ವರ. ರೋಣಕ್ಕೆ ಮುಟ್ಟಿಸಬೇಕಾದ ಲೋಡು ಕಾಯುವಂತಿರಲಿಲ್ಲ. ಇಲ್ಲೇ ತಾನೇ ಎಂದು ಇಪ್ಪತ್ತರ ಇರ್ಫಾನ ಲೈಸೆನ್ಸ್ ಇಲ್ಲದೆಯೇ ಕೀಲಿ ತೆಗೆದುಕೊಂಡು ಹೊರಟ. ಮಟಮಟ ಮಧ್ಯಾಹ್ನ, ಬೆಳವಣಕಿ ಕ್ರಾಸಿನಲ್ಲಿ ಸೈಕಲ್ಲು ಅಡ್ಡ ಬಂದದ್ದಷ್ಟೇ ಕಂಡಿತು. ಫೋನಿಗೆ ಓಗೊಟ್ಟು ಅಪ್ಪ ಯಾರದೋ ಬೈಕ್ ಹತ್ತಿ ಬರುವಷ್ಟರಲ್ಲಿ ಬಸ್ಯಾನ ಉಸಿರು ನಿಂತಿತ್ತು.

"ಕೀಲಿ ಕೊಡು. ನೀ ಇಲ್ಲಿ ಇರಲೇ ಇಲ್ಲ," ಎಂದ ಅಪ್ಪ. "ನನ್ನ ಲೈಸೆನ್ಸ್ ಐತಿ, ವಿಮಾ ಐತಿ. ಆ ಮನೀಗೆ ಕಂಪನಿ ಪರಿಹಾರ ಕೊಡತೈತಿ. ನಿನ್ನ ಹೆಸರು ಬಂದ್ರ ಅವರಿಗೆ ಏನೂ ಸಿಗಂಗಿಲ್ಲ."

ತನ್ನ ಲೈಸೆನ್ಸಿನ ಅವಧಿ ಮುಗಿದು ಒಂದೂವರೆ ವರ್ಷವಾಗಿದ್ದು ಆ ಗಡಿಬಿಡಿಯಲ್ಲಿ ಪುಣ್ಯಾತ್ಮನಿಗೆ ನೆನಪಾಗಲೇ ಇಲ್ಲ. ವಿಮಾ ಕಂಪನಿ ಕೈ ತೊಳೆದುಕೊಂಡಿತು. ಪರಿಹಾರವೆಲ್ಲ ಅವನ ತಲೆಗೇ ಬಂತು. ಜೈಲು ಕಂಡ, ಲಾರಿ ಮಾರಿದ, ಉಳಿದದ್ದಕ್ಕೆ ಚೀಲ ಹೊತ್ತ. ಎಲ್ಲ ತೀರಿಸಿದ. ಕಳಕವ್ವನ ಪ್ರಶ್ನೆಗೆ ಮಾತ್ರ ಸುಳ್ಳೊಂದು ಹೊಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಆ ಪ್ರಶ್ನೆಯನ್ನು ಅವನು ಮನೆಯಲ್ಲಿ ಎತ್ತಲೂ ಇಲ್ಲ; ಇರ್ಫಾನ ಅದನ್ನು ಕೇಳಿದ್ದು ಇವತ್ತೇ.

* * *

ಜನಾಜಾ ಎತ್ತುವ ಮೊದಲು ಮೌಲಾನಾ ವಾಡಿಕೆಯಂತೆ ದನಿ ಎತ್ತರಿಸಿದರು. "ರಮಜಾನಸಾಬರು ಯಾರಿಗರ ಏನರ ಬಾಕಿ ಇದ್ರ ಅವರ ಮಗನ್ನ ಕೇಳ್ರಿ. ಇಲ್ಲಾ ಮಾಫ್ ಮಾಡ್ರಿ."

"ನನ್ನ ಕಡಿಂದ ಮಾಫ್ ಐತ್ರಿ," ಎಂದಳು ಕಳಕವ್ವ, ಎಲ್ಲರಿಗಿಂತ ಮೊದಲು.

ಬಾಕಿ ಇದ್ದರೆ ನಾನು ತೀರಿಸುತ್ತೇನೆ ಎಂದು ರೂಢಿಯ ಮಾತು ಹೇಳಿ ಇರ್ಫಾನ ಮುಗಿಸಬಹುದಿತ್ತು. ಆದರೆ ಮಾಡದ ತಪ್ಪಿಗೆ ಅಪ್ಪ ಮಾಫಿ ಪಡೆದು ಹೋಗುವುದು ಅವನಿಗೆ ತಡೆಯಲಾಗಲಿಲ್ಲ. ತಾಯಿಯ ಕೈ ಬಿಡಿಸಿಕೊಂಡು ಕಳಕವ್ವನ ಎದುರು ಹೋಗಿ ನಿಂತ.

"ಯವ್ವಾ, ಲಾರಿ ಹೊಡದಾಂವ ನಾನು. ನಮ್ಮ ಅಬ್ಬಾ ಅಲ್ಲಿ ಇರಲೇ ಇಲ್ಲ. ಅದಕ್ಕ ಅವರಿಗೆ ಹೇಳಾಕ ಆಗಲಿಲ್ಲ."

ಒಳಗೆ ಹಸನಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಳಕವ್ವ ಅವನ ಮುಖ ನೋಡಿದಳು. ಬೈಯಲಿಲ್ಲ, ಮಾಫ್ ಎನ್ನಲೂ ಇಲ್ಲ.

"ಏನಂದ ನನ್ನ ಮಗ?" ಎಂದಳು.

"ಚೀಲದಾಗ ನಮ್ಮವ್ವನ ಚಪ್ಪಲಿ ಅದಾವ, ಮುಟ್ಟಸ್ರಿ ಅಂದ," ಎಂದ ಇರ್ಫಾನ. "ಆಕಿ ಹೊಸಾವು ಅಂತ ಎತ್ತಿಡತಾಳ. ಹಾಕ್ಕೊಂಡ ಅಡ್ಡ್ಯಾಡು ಅಂತ ಹೇಳ್ರಿ ಅಂದ."

"ಆ ಚೀಲಾ ಪೊಲೀಸರು ತಂದು ಕೊಟ್ಟಿದ್ರು," ಎಂದಳು ಕಳಕವ್ವ ತನಗೇ ಹೇಳಿಕೊಳ್ಳುವಂತೆ. "ಗೂಟಕ್ಕ ಹಾಕೇನಿ. ಗಂಟು ಬಿಚ್ಚಿಲ್ಲ."

ಜನಾಜಾ ಎದ್ದಿತು. ಇರ್ಫಾನ ಮುಂದಿನ ಹೆಗಲು ಕೊಟ್ಟ. ಓಣಿಯ ತಿರುವಿನಲ್ಲಿ ಹೊರಳಿ ನೋಡಿದಾಗ ಕಳಕವ್ವ ಇನ್ನೂ ಬಿಸಿಲಲ್ಲೇ ನಿಂತಿದ್ದಳು. ಸೀರೆಯ ಅಂಚನ್ನು ತುಸು ಎತ್ತಿ, ತಲೆ ಬಗ್ಗಿಸಿ, ತನ್ನ ಬರಿಗಾಲುಗಳನ್ನು ನೋಡಿಕೊಳ್ಳುತ್ತಿದ್ದಳು.