ಎರಡನೇ ಸಲದ ಅಳು

ತುರ್ವಿಹಾಳದ ಬಯಲಾಟದಲ್ಲಿ ಹೆಣ್ಣುಪಾತ್ರವೆಂದರೆ ಮಾಳಿಂಗಪ್ಪನೇ. ಮಗ ಕಾಲುವೆಯ ಪಾಲಾದ ಮೇಲೆ ಅವನು ಗೆಜ್ಜೆ ಮುಟ್ಟಿರಲಿಲ್ಲ, ಅತ್ತೂ ಇರಲಿಲ್ಲ. ಎಂಬತ್ತೇಳನೇ ಇಸವಿಯ ಆಟದಲ್ಲಿ, ಮಗನನ್ನು ಕಳೆದುಕೊಂಡ ರಾಣಿಯ ಪಾತ್ರ ಬಂದಾಗ, ಕುಣಿದರಾದರೂ ಎದೆಯ ಭಾರ ಇಳಿದೀತೆಂದು ಒಪ್ಪಿಕೊಂಡ.

ಮಗ ಹೋದ ದಿನ ಹೆಂಡತಿ ಗದ್ದೆಮ್ಮ ಕಾಲುವೆ ದಂಡೆಯಲ್ಲಿ ಕುಸಿದು, ಹಸಿಮಣ್ಣು ಬಾಚಿ ಬಾಚಿ ಉಡಿಗೆ ತುಂಬಿಕೊಂಡಿದ್ದಳು. ಈಗ ಆಟದ ಅಟ್ಟದ ಮೇಲೆ ಮಾಳಿಂಗಪ್ಪನ ಕೈಗಳೂ ತಾವಾಗಿ ಹಾಗೆಯೇ ಬಾಚಿದವು. ತಡೆದಿದ್ದ ಅಳು ಒಡೆದು ಬಂತು. ಮಂದಿ "ವನ್ಸ್ ಮೋರ್!" ಎಂದು ಸಿಳ್ಳೆ ಹೊಡೆದರು. ಮಾಳಿಂಗಪ್ಪ ಸೆರಗು ಸರಿಮಾಡಿಕೊಂಡು ಮತ್ತೆ ಬಾಚಿದ, ಮತ್ತೆ ಅತ್ತ. ಹೆಂಗಸರ ನಡುವಿನಿಂದ ಗದ್ದೆಮ್ಮ ಎದ್ದು ಹೋದದ್ದನ್ನು ನೋಡಿಯೂ ನೋಡದಂತಿದ್ದ.

ಬೆಳಿಗ್ಗೆ ದಾರಿಯಲ್ಲಿ ಹಿಮ್ಮೇಳದ ಯಮನೂರಪ್ಪ, "ಏನ್ ಅತ್ತೀಲೇ ಮಾಳ್ಯಾ! ಸಿಂಧನೂರಾಗೂ ನಿನ್ನ ಆಟ ಇಡಸ್ತೀನಿ," ಎಂದು ಬೆನ್ನು ತಟ್ಟಿದ.

ಮನೆಯಲ್ಲಿ ಗದ್ದೆಮ್ಮ ಒಲೆಗೆ ಮಣ್ಣು ಮೆತ್ತುತ್ತಿದ್ದಳು. ತಲೆಯೆತ್ತದೆಯೇ ಕೇಳಿದಳು:

"ಮೊದಲ್ನೇ ಸಲ ನೀ ಖರೇನ ಅತ್ತಿ. ನನ್ನ ಜೀವಕ್ಕ ಸಮಾಧಾನ ಆತು. ಎರಡ್ನೇ ಸಲ ಯಾಕ ಅತ್ತಿ?"

"ಮಂದಿ ಕೇಳಿದ್ರು..."

ಮಾಳಿಂಗಪ್ಪ ಬಚ್ಚಲಿಗೆ ಹೋಗಿ ಮುಖದ ಬಣ್ಣ ಉಜ್ಜತೊಡಗಿದ. ಕೆನ್ನೆ ಉರಿದರೂ ಬಿಡಲಿಲ್ಲ.